ಧ್ವನಿವರ್ಧಕ ವಿವಾದದ ಚರಿತ್ರೆ

೧

ನಮ್ಮ ನ್ಯಾಯಶಾಸ್ತ್ರಕಾರರು ಮಾತಿನ ವಿವಾದಗಳನ್ನು ಮೂರು ಬಗೆಯಾಗಿ ವಿಂಗಡಿಸಿರುವರು. ತತ್ತ್ವವನ್ನು ಕಂಡುಕೊಳ್ಳಬೇಕೆಂಬ ಇಚ್ಛೆಯಿಂದ ಇಬ್ಬರು ಕಲೆತು ನಡೆಸುವುದು ವಾದ. ಎದುರಾಳಿಯನ್ನು ಹೇಗಾದರೂ ಗೆಲ್ಲಬೇಕೆಂದು ನಡೆಸುವುದು ಜಲ್ಪ. ತನ್ನದೊಂದು ಪಕ್ಷವನ್ನು ಸ್ಥಾಪಿಸದೆ ಪರಪಕ್ಷವನ್ನು ಕೆಡಹುವುದನ್ನಷ್ಟೇ ಗುರಿಯಾಗಿಟ್ಟುಕೊಂಡದ್ದು ವಿತಂಡೆ. ಈ ವಿಂಗಡಣೆಯು ಪಾಠಶಾಲೆಯ ಜಗಲಿಗೆ ಮಾತ್ರ ಸಲ್ಲುವುದೆಂದು ಯಾರಾದರೂ ಭಾವಿಸಿದರೆ, ಅವರು ಇಪ್ಪತ್ತನೆಯ ಶತಮಾನದ ಒಂದು ಯಂತ್ರದ ಚರಿತ್ರೆಯನ್ನು ಅವಲೋಕಿಸಬಹುದು. ಮರದ ಪೆಟ್ಟಿಗೆ, ಕಾಗದದ ಶಂಕು, ತಾಮ್ರದ ತಂತಿಯ ಸುರುಳಿ, ಒಂದು ಅಯಸ್ಕಾಂತ, ಇಷ್ಟೇ ಅದರ ಸಾಮಗ್ರಿ. ಆದರೆ ಅಮೆರಿಕಾ, ಇಂಗ್ಲೆಂಡ್, ಆಸ್ಟ್ರೇಲಿಯಾ ದೇಶಗಳ ಯಂತ್ರಶಿಲ್ಪಿಗಳೂ ಸಂಗೀತಪ್ರಿಯರೂ ಅದನ್ನು ಕುರಿತು ನಡೆಸಿದ ಚರ್ಚೆಯಲ್ಲಿ ವಾದ, ಜಲ್ಪ, ವಿತಂಡೆ ಮೂರೂ ಧಾರಾಳವಾಗಿ ದೊರೆಯುವುವು. ಜಲ್ಪವಾಗಿ ಬೆಳೆದ ಆ ಕಲಹವು ಯಾವ ಪ್ರಮಾಣಗಳ ಬಲದಿಂದ ವಾದವಾಯಿತೆಂಬುದನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶ.

ಧ್ವನಿವರ್ಧಕವೆಂದರೆ ಇಲ್ಲಿ ಲೌಡ್‌ಸ್ಪೀಕರ್ ಎಂದು ರೂಢಿಯಲ್ಲಿರುವ, ವಿದ್ಯುತ್ತಿನ ಏರಿಳಿತವನ್ನು ಶಬ್ದವಾಗಿ ಮಾರ್ಪಡಿಸುವ ಯಂತ್ರವೆಂದು ತಿಳಿಯತಕ್ಕದ್ದು. ವಿದ್ಯುತ್ತಿನ ಬಲವನ್ನು ಹೆಚ್ಚಿಸಿ ಅದಕ್ಕೆ ಒದಗಿಸುವ ಆಂಪ್ಲಿಫೈಯರ್ ಬೇರೆಯ ಯಂತ್ರ.

ಶಬ್ದವು ಹುಟ್ಟಿದೆಡೆಯಿಂದ ಕಿವಿಗೆ ಹೇಗೆ ಬರುವುದೆಂಬ ಪ್ರಶ್ನೆಗೆ ನಮ್ಮ ತಾರ್ಕಿಕರು ಎರಡು ದೃಷ್ಟಾಂತಗಳನ್ನು ಕೊಟ್ಟಿರುವರು. ಕೊಳದಲ್ಲಿ ಅಲೆಯಿಂದ ಅಲೆ ಹುಟ್ಟುವಂತೆ ಎಂಬುದು ವೀಚೀತರಂಗನ್ಯಾಯ. ಕದಂಬದ ಹೂವಿನ ಎಸಳುಗಳು ಎಲ್ಲ ಕಡೆಗೂ ಒಮ್ಮೆಗೇ ಅರಳುವಂತೆ ಎಂಬುದು ಕದಂಬಗೋಲಕನ್ಯಾಯ. ವಿಶ್ವನಾಥ ಪಂಚಾನನನ ಕಾರಿಕಾವಲಿಯನ್ನು ಓದಿದವರಿಗೆ ಇವೆರಡೂ ಪರಿಚಿತವಾದುವು. ಆಧುನಿಕ ಭೌತಶಾಸ್ತ್ರವು ಶಬ್ದವನ್ನು ಗಾಳಿಯ ಒತ್ತಡದ ಅಲೆಯೆಂದು ನಿಶ್ಚಯಿಸಿದೆ. ಅಂತಹ ಅಲೆಯನ್ನು ಎಬ್ಬಿಸಬೇಕಾದರೆ ಗಾಳಿಯನ್ನು ನೂಕುವುದಕ್ಕೆ ಸಾಕಷ್ಟು ವಿಸ್ತಾರವುಳ್ಳ ಒಂದು ವಸ್ತು ಚಲಿಸಬೇಕು. ವೀಣೆಯ ತಂತಿಯನ್ನು ಗೋಡೆಯ ಮೊಳೆಗೆ ಬಿಗಿದು ಮೀಟಿದರೆ ಹತ್ತಿರದವರಿಗೂ ಸರಿಯಾಗಿ ಕೇಳಿಸದು. ಅದೇ ತಂತಿಯು ಕುದುರೆಯ ಮೇಲೆ ಕುಳಿತು ಕೊಡದ ಹಲಗೆಯನ್ನು ಅಲುಗಾಡಿಸಿದಾಗ ಸಭೆಗೆಲ್ಲ ನಾದವು ತುಂಬುವುದು.

ಇಲ್ಲಿಯೇ ಕಷ್ಟದ ಮೂಲವಿದೆ. ಮನುಷ್ಯನ ಕಿವಿಯು ಸೆಕೆಂಡಿಗೆ ಸುಮಾರು ೨೦ ಕಂಪನಗಳಿಂದ ೨೦,೦೦೦ ಕಂಪನಗಳವರೆಗೆ ಗ್ರಹಿಸಬಲ್ಲದು. ಮೊದಲನೆಯದರ ಅಲೆಯ ಉದ್ದ ಸುಮಾರು ೧೭ ಮೀಟರು. ಕೊನೆಯದರದು ಎರಡು ಸೆಂಟಿಮೀಟರಿಗೂ ಕಡಿಮೆ. ಮೇಲಾಗಿ, ಒಂದೇ ಶಂಕುವು ಅಷ್ಟೇ ಗಟ್ಟಿಯಾದ ಶಬ್ದವನ್ನು ಅರ್ಧ ಕಂಪನಸಂಖ್ಯೆಯಲ್ಲಿ ಕೊಡಬೇಕಾದರೆ ಅದು ನಾಲ್ಕು ಪಟ್ಟು ದೂರ ಹಿಂದುಮುಂದಾಗಿ ಚಲಿಸಬೇಕು. ತಾರಸ್ವರಗಳನ್ನು ಅಂಗೈಯಗಲದ ಸಾಧನವು ನುಡಿಯಬಲ್ಲುದು. ಮಂದ್ರಸ್ವರಗಳಿಗಾದರೋ ಗಾತ್ರ ಬೇಕು, ಶಕ್ತಿ ಬೇಕು. ಮುಂದೆ ಹೇಳುವ ವಿವಾದಗಳೆಲ್ಲವೂ ಬಹುಮಟ್ಟಿಗೆ ಈ ಮಂದ್ರದ ಋಣವನ್ನು ಯಾವ ನಾಣ್ಯದಲ್ಲಿ ತೀರಿಸಬೇಕೆಂಬ ವಿವಾದಗಳೇ ಆಗಿವೆ.

೨

ಅಯಸ್ಕಾಂತದ ಸಂದಿನಲ್ಲಿ ತಂತಿಯ ಸುರುಳಿಯನ್ನಿರಿಸಿ ಅದರಲ್ಲಿ ವಿದ್ಯುತ್ತನ್ನು ಹರಿಸಿದರೆ ಸುರುಳಿಯು ಚಲಿಸುವುದೆಂಬ ತತ್ತ್ವವನ್ನು ಅವಲಂಬಿಸಿ ಜರ್ಮನಿಯ ವೆರ್ನರ್ ಸೀಮೆನ್ಸನು ೧೮೭೪ರಲ್ಲಿಯೇ ಒಂದು ಪೇಟೆಂಟನ್ನು ಪಡೆದಿದ್ದನು. ೧೮೯೮ರಲ್ಲಿ ಇಂಗ್ಲೆಂಡಿನ ಆಲಿವರ್ ಲಾಡ್ಜ್ ಎಂಬ ವಿಜ್ಞಾನಿಯು ಅದೇ ತತ್ತ್ವದ ಮೇಲೆ ಧ್ವನಿಯಂತ್ರವೊಂದನ್ನು ಕಲ್ಪಿಸಿದನು. ಆದರೆ ಅದಕ್ಕೆ ಉಣಿಸಲು ತಕ್ಕ ವಿದ್ಯುತ್ಪ್ರಬಲತೆಯನ್ನು ಒದಗಿಸುವ ಸಾಧನವಿನ್ನೂ ಹುಟ್ಟಿರಲಿಲ್ಲ. ೧೯೦೬ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟನು ಮೂರು ವಿದ್ಯುದ್ದ್ವಾರಗಳ ನಳಿಕೆಯನ್ನು ನಿರ್ಮಿಸಿದನು; ಕೆಲವು ವರ್ಷಗಳ ತರುವಾಯ ಅದು ಆಂಪ್ಲಿಫೈಯರಿನ ಜೀವಾಳವಾಯಿತು.

೧೯೧೫ರಲ್ಲಿ ಡೆನ್ಮಾರ್ಕಿನಿಂದ ಬಂದು ಕ್ಯಾಲಿಫೋರ್ನಿಯದಲ್ಲಿ ನೆಲೆಸಿದ್ದ ಪೀಟರ್ ಜೆನ್ಸನ್ ಎಂಬಾತನೂ ಅವನ ಜೊತೆಗಾರ ಎಡ್ವಿನ್ ಪ್ರಿಡ್‌ಹ್ಯಾಮನೂ ಚಲಿಸುವ ಸುರುಳಿಗೆ ಕಹಳೆಯೊಂದನ್ನು ಜೋಡಿಸಿ ಬಹಿರಂಗ ಸಭೆಗಳಲ್ಲಿ ಪ್ರದರ್ಶಿಸಿದರು. ಅವರ ಯಂತ್ರದ ಹೆಸರು ಮ್ಯಾಗ್ನವಾಕ್ಸ್. ೧೯೧೯ರ ಸೆಪ್ಟೆಂಬರಿನಲ್ಲಿ ಸ್ಯಾನ್ ಡಿಯಾಗೊ ನಗರದ ಕ್ರೀಡಾಂಗಣದಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನನು ಈ ಸಾಧನದ ಮೂಲಕ ಹತ್ತಾರು ಸಾವಿರ ಜನರನ್ನು ಉದ್ದೇಶಿಸಿ ಮಾತನಾಡಿದನು. ಒಬ್ಬನ ಕಂಠವು ಅಷ್ಟು ದೊಡ್ಡ ಸಮೂಹಕ್ಕೆ ಒಂದೇ ಕಾಲದಲ್ಲಿ ಮುಟ್ಟಬಹುದೆಂಬುದು ಆಗ ರಾಜ್ಯಕಾರಣದ ರೀತಿಯನ್ನೇ ಬದಲಾಯಿಸತಕ್ಕ ಸಂಗತಿಯಾಗಿದ್ದಿತು.

ಕಹಳೆಯೇ ಏಕೆ? ಲಘುವಾದ ಗಾಳಿಯನ್ನು ಭಾರವಾದ ಚರ್ಮವೋ ಲೋಹದ ತಗಡೋ ನೂಕುವಾಗ ಅದರ ಶಕ್ತಿಯ ಬಹುಭಾಗವು ಗಾಳಿಗೆ ಸೇರದೆ ವ್ಯರ್ಥವಾಗುವುದು. ಕಿರಿದಾದ ಕೊರಳಿನಿಂದ ಹೊರಟು ಕ್ರಮವಾಗಿ ಅಗಲವಾಗುವ ಕಹಳೆಯು ಈ ಎರಡರ ನಡುವೆ ಮಧ್ಯಸ್ಥನಾಗಿ ನಿಂತು ಶಕ್ತಿಯನ್ನು ಗಾಳಿಗೆ ದಾಟಿಸುವುದು. ಆರ್ಥರ್ ವೆಬ್‌ಸ್ಟರನು ೧೯೧೯ರಲ್ಲಿ ಪ್ರಕಟಿಸಿದ ಪ್ರಬಂಧವು ಕಹಳೆಯ ಗಣಿತಕ್ಕೆ ತಳಹದಿಯಾಯಿತು. ೧೯೨೬ರಲ್ಲಿ ಬೆಲ್ ಪ್ರಯೋಗಶಾಲೆಯ ವೆಂಟ್ ಮತ್ತು ಥುರಾಸ್ ಎಂಬುವರು ರೂಪಿಸಿದ ಸಾಧನವನ್ನು ಕಹಳೆಗಳಿಗೆ ಜೋಡಿಸಿ ಸಿನಿಮಾ ಮಂದಿರಗಳಲ್ಲಿ ಧ್ವನಿಯನ್ನು ಮೊಳಗಿಸಿದರು. ಆ ಕಾಲದ ಆಂಪ್ಲಿಫೈಯರು ಕೆಲವೇ ವ್ಯಾಟುಗಳಷ್ಟು ಶಕ್ತಿಯನ್ನು ಕೊಡಬಲ್ಲುದಾಗಿತ್ತು. ಕೊಟ್ಟ ಶಕ್ತಿಯಲ್ಲಿ ಹಲವು ಪಾಲನ್ನು ಶಬ್ದವಾಗಿ ಮಾಡಬಲ್ಲ ಕಹಳೆಯಿಲ್ಲದಿದ್ದರೆ ಸಾವಿರ ಜನರ ಮಂದಿರದಲ್ಲಿ ಮಾತುಚಿತ್ರವು ಮೂಕಚಿತ್ರವಾಗಿಯೇ ಉಳಿಯುತ್ತಿತ್ತು.

ಆದರೆ ಕಹಳೆಗೆ ಗಾತ್ರದ ಸಂಕಟವುಂಟು. ಸೆಕೆಂಡಿಗೆ ೪೦ ಕಂಪನಗಳ ಸ್ವರದ ಅಲೆಯು ಸುಮಾರು ೨೮ ಅಡಿ ಉದ್ದವಿರುವುದು. ಬಯಲಿನಲ್ಲಿರುವ ಕಹಳೆಯು ಅದನ್ನು ಚೆನ್ನಾಗಿ ನುಡಿಯಬೇಕಾದರೆ ಅದರ ಬಾಯಿಯ ಸುತ್ತಳತೆಯು ಹೆಚ್ಚುಕಡಿಮೆ ಅಷ್ಟೇ ಇರಬೇಕು; ಎಂದರೆ ಬಾಯಿಯ ಅಗಲವೇ ಒಂಬತ್ತು ಅಡಿ. ಅಂತಹ ಕಹಳೆಯನ್ನು ಯಾವ ಗೃಹಸ್ಥನು ಮನೆಯಲ್ಲಿರಿಸಿಕೊಂಡಾನು?

೩

ಈ ಪ್ರಶ್ನೆಗೆ ೧೯೨೫ರಲ್ಲಿ ಒಂದು ಉತ್ತರ ಬಂದಿತು. ಜನರಲ್ ಇಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಇಬ್ಬರು ಯಂತ್ರಶಿಲ್ಪಿಗಳು ಕಹಳೆಯಿಲ್ಲದ ಧ್ವನಿವರ್ಧಕವೊಂದನ್ನು ಕುರಿತು ಪ್ರಬಂಧವನ್ನು ಪ್ರಕಟಿಸಿದರು. ಚಿಕ್ಕದಾದ ಕಾಗದದ ಶಂಕುವಿನ ಅಂಚನ್ನು ಸಡಿಲವಾಗಿ ಕಟ್ಟಿ, ಅದರ ಸಹಜ ಕಂಪನಸಂಖ್ಯೆಯು ನುಡಿಸಬೇಕಾದ ಸ್ವರಗಳಿಗಿಂತ ಕೆಳಗೆ ಬೀಳುವಂತೆ ಅವರು ಮಾಡಿದರು. ಅದಕ್ಕಿಂತ ಮೇಲಣ ಸ್ವರಗಳಲ್ಲಿ, ಸ್ವರವು ಏರಿದಂತೆ ಶಂಕುವಿನ ವೇಗವು ತಗ್ಗುವುದು. ಆದರೆ ಗಾಳಿಯು ಆ ಚಲನೆಯನ್ನು ಸ್ವೀಕರಿಸುವ ಪ್ರಮಾಣವು ಹೆಚ್ಚುವುದು. ತಗ್ಗುವುದೂ ಹೆಚ್ಚುವುದೂ ಒಂದಕ್ಕೊಂದು ಸರಿಹೋಗಿ ಸ್ವರಗಳೆಲ್ಲವೂ ಸಮನಾಗಿ ಹೊರಡುವುವು. ಇದು ಅವರ ಯುಕ್ತಿಯ ಸಾರ. ೧೯೨೬ರಲ್ಲಿ ಈ ಸಾಧನವು ರೇಡಿಯೋಲಾ ೧೦೪ ಎಂಬ ಹೆಸರಿನಿಂದ ೨೫೦ ಡಾಲರುಗಳ ಬೆಲೆಗೆ ಮಾರಾಟಕ್ಕೆ ಬಂದಿತು. ಇಂದಿಗೂ ಜಗತ್ತಿನ ಬಹುಪಾಲು ಧ್ವನಿವರ್ಧಕಗಳು ಈ ಇಬ್ಬರ ತತ್ತ್ವವನ್ನೇ ಅನುಸರಿಸಿರುವುವು.

ಶಂಕುವಿಗೂ ಋಣ ತಪ್ಪಲಿಲ್ಲ. ಕಹಳೆಯನ್ನು ಬಿಟ್ಟುದರಿಂದ ಶಕ್ತಿಯ ಉಪಯೋಗವು ನೂರಕ್ಕೆ ಒಂದೆರಡು ಪಾಲಿಗೆ ಇಳಿಯಿತು. ಅಲ್ಲದೆ ಶಂಕುವು ಮುಂದಕ್ಕೆ ನೂಕುವಾಗ ಹಿಂದಣ ಗಾಳಿಯು ವಿರಳವಾಗುವುದು. ಮಂದ್ರಸ್ವರಗಳಲ್ಲಿ ಈ ಹಿಂದಣ ಅಲೆಯು ಅಂಚನ್ನು ಬಳಸಿ ಬಂದು ಮುಂದಣ ಅಲೆಯನ್ನು ಅಳಿಸಿಬಿಡುವುದು. ಆದುದರಿಂದ ಹಿಂದಣ ಅಲೆಯನ್ನು ಬೇರ್ಪಡಿಸಲೇಬೇಕು. ದೊಡ್ಡದೊಂದು ಹಲಗೆಯ ನಡುವೆ ಶಂಕುವನ್ನು ಕೂರಿಸಬಹುದು. ಅಥವಾ ಅದರ ಬೆನ್ನಿಗೆ ಪೆಟ್ಟಿಗೆಯನ್ನು ಮುಚ್ಚಬಹುದು. ಮುಚ್ಚಿದರೆ ಒಳಗಣ ಗಾಳಿಯು ಸ್ಪ್ರಿಂಗಿನಂತೆ ಎದುರೊತ್ತಿ ಮಂದ್ರವನ್ನು ಮೊಟಕುಮಾಡುವುದು. ಈ ಪೆಟ್ಟಿಗೆಯ ಪ್ರಶ್ನೆಯಲ್ಲಿಯೇ ಪಂಥಗಳು ಒಡೆದುವು.

೪

ಮೊದಲನೆಯದು ಕಿಂಡಿಯ ಪಂಥ. ಮೇಲೆ ಹೇಳಿದ ಥುರಾಸನು ೧೯೩೦ರಲ್ಲಿ ಅರ್ಜಿಯನ್ನು ಸಲ್ಲಿಸಿ ೧೯೩೨ರಲ್ಲಿ ಪೇಟೆಂಟನ್ನು ಪಡೆದನು. ಖಾಲಿ ಹೂಜಿಯ ಬಾಯಿಗೆ ಊದಿದರೆ ಒಂದು ಗೊತ್ತಾದ ಸ್ವರವು ಹೊರಡುವುದಷ್ಟೆ. ಅದರಂತೆಯೇ ಪೆಟ್ಟಿಗೆಗೆ ತಕ್ಕ ಅಳತೆಯ ಕಿಂಡಿಯನ್ನಿಟ್ಟರೆ ವ್ಯರ್ಥವಾಗುತ್ತಿದ್ದ ಹಿಂದಣ ಅಲೆಯು ಮಂದ್ರದಲ್ಲಿ ಮುಂದಣ ಅಲೆಗೆ ಸಹಾಯಕವಾಗಿ ಬರುವುದು. ಯುಕ್ತಿಯು ಸೊಗಸಾದುದು. ಆದರೆ ಕಿಂಡಿಯನ್ನು ಅಂದಾಜಿನಿಂದ ಕೊರೆದವರ ಪೆಟ್ಟಿಗೆಗಳು ಒಂದೇ ಸ್ವರದಲ್ಲಿ ಗುಂಯ್ಗುಟ್ಟಿ ಎಲ್ಲ ಸಂಗೀತಕ್ಕೂ ಒಂದೇ ಬಣ್ಣವನ್ನು ಬಳಿದುವು. ಎದುರುಪಕ್ಷದವರಿಗೆ ಅದೇ ಆಯುಧವಾಯಿತು.

ಎರಡನೆಯದು ಕಹಳೆಯ ಪಂಥದ ಪುನರುತ್ಥಾನ. ಪಾಲ್ ಕ್ಲಿಪ್ಷ್ ಎಂಬ ಯಂತ್ರಶಿಲ್ಪಿಯು ೧೯೪೬ರಲ್ಲಿ ಅಮೆರಿಕದ ಆರ್ಕನ್ಸಾ ಸಂಸ್ಥಾನದ ಹೋಪ್ ಎಂಬ ಊರಿನಲ್ಲಿ ತನ್ನ ಕಾರ್ಖಾನೆಯನ್ನು ಆರಂಭಿಸಿದನು. ಕೋಣೆಯ ಮೂಲೆಯಲ್ಲಿ ಎರಡು ಗೋಡೆಗಳೂ ನೆಲವೂ ಕೂಡುವ ಎಡೆಯಲ್ಲಿ ಯಂತ್ರವನ್ನಿರಿಸಿದರೆ ಬಯಲಿನ ಎಂಟರಲ್ಲಿ ಒಂದು ಪಾಲು ಅವಕಾಶಕ್ಕೆ ಮಾತ್ರ ಅದು ನುಡಿಯಬೇಕಾಗುವುದು. ಗೋಡೆಗಳೇ ಕಹಳೆಯ ಬಾಯಿಯನ್ನು ಮುಂದುವರಿಸುವುವು. ಉದ್ದವಾದ ಕಹಳೆಯನ್ನು ಮರದ ಪೆಟ್ಟಿಗೆಯೊಳಗೆ ಮಡಿಸಿ ಕ್ಲಿಪ್ಷನು ಸಿನಿಮಾ ಮಂದಿರದ ವೈಭವವನ್ನು ಮನೆಯ ಮೂಲೆಗೆ ತಂದನು. ಅಲ್ಪ ಶಕ್ತಿಯಿಂದ ಅತಿ ಗಟ್ಟಿಯಾದ ನಾದವು ಹೊರಡುತ್ತಿದ್ದುದರಿಂದ ಶಂಕುವು ಬಹು ಕಡಿಮೆ ಚಲಿಸಿದರೆ ಸಾಕಾಗುತ್ತಿತ್ತು; ಚಲನೆಯು ಕಡಿಮೆಯಾದಷ್ಟೂ ಸ್ವರವಿಕೃತಿಯೂ ಕಡಿಮೆ ಎಂಬುದು ಅವನ ಸಿದ್ಧಾಂತ. ಋಣವೆಂದರೆ ಬೀರುವಿನಷ್ಟು ಗಾತ್ರ ಮತ್ತು ಮೂಲೆಯ ಆವಶ್ಯಕತೆ.

ಮೂರನೆಯದು ಮುಚ್ಚಿದ ಚಿಕ್ಕ ಪೆಟ್ಟಿಗೆಯ ಪಂಥ. ಇದರ ಪ್ರವರ್ತಕನಾದ ಎಡ್ಗರ್ ವಿಲ್ಚರನು ನ್ಯೂಯಾರ್ಕಿನಲ್ಲಿ ಧ್ವನಿವಿದ್ಯೆಯನ್ನು ಬೋಧಿಸುತ್ತಿದ್ದ ಉಪಾಧ್ಯಾಯ. ಶಂಕುವಿನ ಅಂಚಿನ ಬಟ್ಟೆ ಅಥವಾ ಕಾಗದದ ಕಟ್ಟು ದೂರ ಚಲಿಸಿದಾಗ ಒಂದೇ ಸಮನಾಗಿ ಎಳೆಯುವುದಿಲ್ಲವೆಂಬುದನ್ನು ಅವನು ಗಮನಿಸಿದನು. ಮಂದ್ರಸ್ವರಗಳ ವಿಕೃತಿಗೆ ಅದೇ ಕಾರಣ. ಗಾಳಿಯಾದರೋ ಅದಕ್ಕಿಂತ ಬಹು ಸಮನಾದ ಸ್ಪ್ರಿಂಗು. ಹಾಗಿರಲು ಶಂಕುವಿನ ಕಟ್ಟನ್ನು ಅತಿ ಸಡಿಲವಾಗಿ ಬಿಟ್ಟು, ಮುಚ್ಚಿದ ಪೆಟ್ಟಿಗೆಯ ಗಾಳಿಯೇ ಅದನ್ನು ಹಿಂದಕ್ಕೆ ಎಳೆಯುವಂತೆ ಏಕೆ ಮಾಡಬಾರದು? ಇದುವರೆಗೆ ದೋಷವೆಂದು ಎಣಿಸಿದ್ದ ಪೆಟ್ಟಿಗೆಯ ಕಿರಿದುತನವು ಈ ಯುಕ್ತಿಯಲ್ಲಿ ಆವಶ್ಯಕವಾದ ಗುಣವೇ ಆಯಿತು. ೧೯೫೪ರಲ್ಲಿ ವಿಲ್ಚರನು ತನ್ನ ಶಿಷ್ಯನಾದ ಹೆನ್ರಿ ಕ್ಲಾಸನೊಡನೆ ಅಕೌಸ್ಟಿಕ್ ರಿಸರ್ಚ್ ಎಂಬ ಸಂಸ್ಥೆಯನ್ನು ಕೇಂಬ್ರಿಜ್, ಮಸಾಚುಸೆಟ್ಸಿನಲ್ಲಿ ಸ್ಥಾಪಿಸಿದನು. ಒಳಗೆ ಎರಡು ಘನ ಅಡಿಗೂ ಕಡಿಮೆ ಅವಕಾಶವುಳ್ಳ ಅವರ ಪೆಟ್ಟಿಗೆಯು ಬೀರುಗಾತ್ರದ ಯಂತ್ರಗಳಿಗೆ ಸಮನಾದ ಮಂದ್ರವನ್ನು ನುಡಿಯಿತು. ಋಣವು ಇಲ್ಲಿಯೂ ಇತ್ತು: ಭಾರವಾದ ಶಂಕುವನ್ನು ಅಲುಗಿಸಲು ಹೆಚ್ಚಿನ ಶಕ್ತಿಯ ಆಂಪ್ಲಿಫೈಯರು ಬೇಕಾಗುತ್ತಿತ್ತು. ಹ್ಯಾರಿ ಓಲ್ಸನ್ ಮತ್ತು ಪ್ರೆಸ್ಟನ್ ಎಂಬುವರು ೧೯೪೯ರಲ್ಲಿಯೇ ಇದೇ ಜಾಡಿನ ಪೇಟೆಂಟೊಂದನ್ನು ಪಡೆದಿದ್ದರೆಂಬ ಕಾರಣದಿಂದ ವಿಲ್ಚರನ ಪೇಟೆಂಟು ವ್ಯಾಜ್ಯದಲ್ಲಿ ಬಿದ್ದುಹೋಯಿತು. ತತ್ತ್ವವು ಎಲ್ಲ ತಯಾರಕರ ಸೊತ್ತಾಯಿತು.

ನಾಲ್ಕನೆಯ ಪಂಥವು ಪೆಟ್ಟಿಗೆಯನ್ನೂ ಶಂಕುವನ್ನೂ ಒಟ್ಟಿಗೆ ತ್ಯಜಿಸಿತು. ಇಂಗ್ಲೆಂಡಿನ ಹಂಟಿಂಗ್ಡನ್ನಿನ ಪೀಟರ್ ವಾಕರನು ೧೯೫೭ರಲ್ಲಿ ಮಾರಾಟಕ್ಕೆ ತಂದ ಕ್ವಾಡ್ ಎಂಬ ಧ್ವನಿವರ್ಧಕದಲ್ಲಿ, ರಂಧ್ರಗಳುಳ್ಳ ಎರಡು ಫಲಕಗಳ ನಡುವೆ ಅತ್ಯಂತ ತೆಳುವಾದ ಪ್ಲಾಸ್ಟಿಕ್ ಪೊರೆಯನ್ನು ಬಿಗಿದು, ಸಾವಿರಾರು ವೋಲ್ಟುಗಳ ಸ್ಥಿರವಿದ್ಯುತ್ತಿನ ಆಕರ್ಷಣದಿಂದ ಅದನ್ನು ಅಲುಗಿಸುವ ಏರ್ಪಾಡಿತ್ತು. ಪೊರೆಯ ತೂಕವು ತನ್ನ ಸುತ್ತಲಿನ ಗಾಳಿಯ ತೂಕಕ್ಕಿಂತ ಹೆಚ್ಚಲ್ಲವೆಂಬಷ್ಟು ಅಲ್ಪ; ಅದರ ಮೈಯೆಲ್ಲವೂ ಒಂದೇ ಬಲದಿಂದ ಚಲಿಸುವುದು. ಕಂಠಸ್ವರವನ್ನೂ ಪಿಟೀಲನ್ನೂ ಅದು ನುಡಿದ ಸ್ವಚ್ಛತೆಗೆ ಎದುರುಪಕ್ಷದವರೂ ತಲೆದೂಗಿದರು. ಆದರೆ ಗಟ್ಟಿಯಾದ ನಾದವೂ ಆಳವಾದ ಮಂದ್ರವೂ ಅದಕ್ಕೆ ಎಟುಕದುವಾಗಿದ್ದುವು.

ಪೆಟ್ಟಿಗೆಯ ಗೋಡೆಯ ವಿಷಯದಲ್ಲಿಯೂ ಮತಭೇದವಿತ್ತು. ಬ್ರಾಡ್‌ಫರ್ಡಿನಲ್ಲಿ ವಾರ್ಫ್‌ಡೇಲ್ ಕಾರ್ಖಾನೆಯನ್ನು ಸ್ಥಾಪಿಸಿದ ಗಿಲ್ಬರ್ಟ್ ಬ್ರಿಗ್ಸನು ಎರಡು ಹಲಗೆಗಳ ನಡುವೆ ಮರಳನ್ನು ತುಂಬಿ ಗೋಡೆಯು ಕಂಪಿಸದಂತೆ ಮಾಡಿದನು. ಬಿ.ಬಿ.ಸಿ. ಸಂಶೋಧಕರಾದರೋ ತೆಳುವಾದ ಮರದ ಗೋಡೆಗೆ ಡಾಂಬರಿನಂತಹ ಪದಾರ್ಥವನ್ನು ಅಂಟಿಸಿ, ಕಂಪನವು ಕಿವಿಗೆ ಅಷ್ಟಾಗಿ ಬಾಧಿಸದ ಕೆಳಗಣ ಸ್ವರಗಳಲ್ಲಿಯೇ ಅಡಗುವಂತೆ ಮಾಡಿದರು. ಒಬ್ಬರು ಭಾರದಿಂದ ಸಾಧಿಸಿದುದನ್ನು ಮತ್ತೊಬ್ಬರು ಲಾಘವದಿಂದ ಸಾಧಿಸಿದರು. ಇಬ್ಬರ ಗುರಿಯೂ ಪೆಟ್ಟಿಗೆಯು ತಾನಾಗಿ ಹಾಡಬಾರದೆಂಬುದೇ.

ಈ ಪಂಥಗಳ ಅನುಯಾಯಿಗಳ ನಡುವೆ ನಡೆದದ್ದು ಬಹುಮಟ್ಟಿಗೆ ಜಲ್ಪವೇ. ಕಹಳೆಯವರು ಚಿಕ್ಕ ಪೆಟ್ಟಿಗೆಯನ್ನು ಉಸಿರುಕಟ್ಟಿದ ಯಂತ್ರವೆಂದರು. ಚಿಕ್ಕ ಪೆಟ್ಟಿಗೆಯವರು ಕಹಳೆಯ ಸ್ವರವನ್ನು ಕಿರುಚಾಟವೆಂದರು. ಪೊರೆಯವರು ಇಬ್ಬರನ್ನೂ ಪೆಟ್ಟಿಗೆಯ ಕೈದಿಗಳೆಂದು ಹಳಿದರು. ಪ್ರತಿಯೊಬ್ಬನೂ ತನ್ನ ಲಾಭವನ್ನು ಸಾರಿ ತನ್ನ ಋಣವನ್ನು ಮರೆಮಾಡಿದನು. ಪರರ ಋಣವನ್ನು ಮಾತ್ರ ಬಡ್ಡಿಸಹಿತ ಎಣಿಸಿದನು. ಇದರ ನಷ್ಟವನ್ನು ಹೊತ್ತವನು ಸಂಗೀತವನ್ನು ಕೇಳಬೇಕೆಂಬ ಆಸೆಯಿಂದ ತಿಂಗಳ ಸಂಪಾದನೆಯನ್ನು ಕೂಡಿಟ್ಟು ಅಂಗಡಿಗೆ ಹೋದ ಸಾಮಾನ್ಯ ಗೃಹಸ್ಥನು. ಯಾರ ಮಾತನ್ನು ನಂಬಬೇಕೆಂಬುದಕ್ಕೆ ಅವನ ಕೈಯಲ್ಲಿ ಪ್ರಮಾಣವಿರಲಿಲ್ಲ.

೫

ಪ್ರಮಾಣಗಳಲ್ಲಿ ಮೊದಲು ಒದಗಿದುದು ಅನುಮಾನ, ಎಂದರೆ ಲೆಕ್ಕ. ಹೆಸರಾಂತ ಪಿಯಾನೋ ವಾದಕನ ಮಗನೂ ಭೌತಶಾಸ್ತ್ರಜ್ಞನೂ ಆದ ಆಂಟನ್ ಹಾಫ್‌ಮನ್ ಎಂಬಾತನು, ಕ್ಲಾಸನು ೧೯೫೭ರಲ್ಲಿ ಸ್ಥಾಪಿಸಿದ ಕೆ.ಎಲ್.ಎಚ್. ಸಂಸ್ಥೆಯ ಪಾಲುದಾರರಲ್ಲಿ ಒಬ್ಬನು. ಅವನ ಹೆಸರಿನಿಂದ ಪ್ರಸಿದ್ಧವಾದ ನಿಯಮವನ್ನು ಯಂತ್ರಶಿಲ್ಪಿಗಳು ಕಬ್ಬಿಣದ ನಿಯಮವೆಂದು ಕರೆಯುವರು. ಅದರ ತಾತ್ಪರ್ಯವಿಷ್ಟೆ: ಪೆಟ್ಟಿಗೆಯು ಚಿಕ್ಕದಾಗಿರಬೇಕು, ಮಂದ್ರವು ಆಳವಾಗಿರಬೇಕು, ಅಲ್ಪ ಶಕ್ತಿಯಿಂದ ಗಟ್ಟಿಯಾಗಿ ನುಡಿಯಬೇಕು ಎಂಬ ಮೂರು ಬಯಕೆಗಳಲ್ಲಿ ಎರಡನ್ನು ಪಡೆಯಬಹುದು, ಮೂರನೆಯದನ್ನು ತ್ಯಜಿಸಲೇಬೇಕು. ಶಕ್ತಿಯ ಸದುಪಯೋಗದ ಪ್ರಮಾಣವು ಪೆಟ್ಟಿಗೆಯ ಗಾತ್ರವನ್ನೂ, ಮಂದ್ರದ ಕೊನೆಯ ಕಂಪನಸಂಖ್ಯೆಯ ಘನವನ್ನೂ ಅನುಸರಿಸಿರುವುದು. ೪೦ ಕಂಪನಗಳವರೆಗೆ ಇಳಿಯುವ ಪೆಟ್ಟಿಗೆಯನ್ನು ೨೦ ಕಂಪನಗಳವರೆಗೆ ಇಳಿಸಬೇಕಾದರೆ ಗಾತ್ರವನ್ನು ಎಂಟು ಪಟ್ಟು ಹೆಚ್ಚಿಸಬೇಕು. ಗಾತ್ರವನ್ನು ಹೆಚ್ಚಿಸದಿದ್ದರೆ ಎಂಟು ಪಟ್ಟು ಶಕ್ತಿಯನ್ನು ತೆರಬೇಕು. ಯಾವ ಪಂಥದವನ ಚಾತುರ್ಯವೂ ಇದನ್ನು ಮೀರಲಾರದು.

ಕಿಂಡಿಯ ಪೆಟ್ಟಿಗೆಗೆ ಅಂಟಿದ್ದ ಅಪವಾದವನ್ನು ತೊಡೆದವನು ಆಸ್ಟ್ರೇಲಿಯದ ನೆವಿಲ್ ಥೀಲ್. ೧೯೬೧ರಲ್ಲಿ ಅಲ್ಲಿಯ ರೇಡಿಯೋ ಯಂತ್ರಶಿಲ್ಪಿಗಳ ಪತ್ರಿಕೆಯಲ್ಲಿ ಅವನು ಬರೆದ ಪ್ರಬಂಧವು ಶಂಕು, ಪೆಟ್ಟಿಗೆ, ಕಿಂಡಿ ಮೂರನ್ನೂ ಕೂಡಿಸಿ ವಿದ್ಯುತ್ತಿನ ಶೋಧಕಮಂಡಲವೊಂದಕ್ಕೆ ಸಮಾನವೆಂದು ತೋರಿಸಿ, ಶಂಕುವಿನ ಗುಣಗಳಿಗೆ ತಕ್ಕಂತೆ ಪೆಟ್ಟಿಗೆಯನ್ನು ಗೊತ್ತುಮಾಡುವ ೨೮ ಕ್ರಮಗಳನ್ನು ಕೋಷ್ಟಕವಾಗಿ ಕೊಟ್ಟಿತು. ದೂರದೇಶದ ಪತ್ರಿಕೆಯಾದುದರಿಂದ ಹತ್ತು ವರ್ಷಗಳ ಕಾಲ ಅದಕ್ಕೆ ತಕ್ಕ ಪ್ರಚಾರವಾಗಲಿಲ್ಲ. ೧೯೭೧ರಲ್ಲಿ ಅಮೆರಿಕದ ಪತ್ರಿಕೆಯೊಂದು ಅದನ್ನು ಮರುಮುದ್ರಿಸಿತು. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿದ ರಿಚರ್ಡ್ ಸ್ಮಾಲನು ೧೯೭೨, ೧೯೭೩ರ ತನ್ನ ಪ್ರಬಂಧಗಳಲ್ಲಿ ಮುಚ್ಚಿದ ಪೆಟ್ಟಿಗೆಯನ್ನೂ ಕಿಂಡಿಯ ಪೆಟ್ಟಿಗೆಯನ್ನೂ ಒಂದೇ ಗಣಿತದ ಸೂತ್ರದಲ್ಲಿ ಪೋಣಿಸಿದನು. ಅಲ್ಲಿಂದ ಮುಂದೆ ಕಿಂಡಿಯನ್ನು ಅಂದಾಜಿನಿಂದ ಕೊರೆಯುವುದು ತಪ್ಪಿತು. ಥೀಲ್ ಮತ್ತು ಸ್ಮಾಲರ ಹೆಸರಿನ ಅಂಕಗಳನ್ನು ಇಂದು ಪ್ರತಿ ಶಂಕುವಿನ ವಿವರಪತ್ರದಲ್ಲಿಯೂ ಕಾಣಬಹುದು; ಆಸಕ್ತನಾದ ಬಡಗಿಯೂ ಅವುಗಳಿಂದ ಮನೆಯಲ್ಲಿಯೇ ತಕ್ಕ ಪೆಟ್ಟಿಗೆಯನ್ನು ಕಟ್ಟಬಲ್ಲನು.

ಲೆಕ್ಕವು ಮತ್ತೊಂದು ಸಂಗತಿಯನ್ನು ಬೆಳಕಿಗೆ ತಂದಿತು. ಯಾವ ಋಣವು ಹಗುರ, ಯಾವುದು ಭಾರ ಎಂಬುದು ಕಾಲವನ್ನವಲಂಬಿಸಿರುವುದು. ೧೯೨೬ರಲ್ಲಿ ಒಂದೊಂದು ವ್ಯಾಟಿಗೂ ಬಹಳ ಬೆಲೆಯಿದ್ದಾಗ ಕಹಳೆಯವರ ಪಕ್ಷವೇ ನ್ಯಾಯವಾಗಿದ್ದಿತು. ೧೯೫೮ರಲ್ಲಿ ಸ್ಟೀರಿಯೋ ಧ್ವನಿಮುದ್ರಿಕೆಗಳು ಮಾರುಕಟ್ಟೆಗೆ ಬಂದು ಪ್ರತಿ ಮನೆಗೂ ಒಂದರ ಬದಲು ಎರಡು ಧ್ವನಿವರ್ಧಕಗಳು ಬೇಕಾದುವು. ಎರಡು ಬೀರುಗಳಿಗೂ ಎರಡು ಖಾಲಿ ಮೂಲೆಗಳಿಗೂ ಅವಕಾಶವಿದ್ದ ಮನೆಗಳೆಷ್ಟು? ಅನಂತರ ಟ್ರಾನ್ಸಿಸ್ಟರುಗಳು ಬಂದು ವ್ಯಾಟಿನ ಬೆಲೆಯನ್ನು ಇಳಿಸಿದುವು. ಶಕ್ತಿಯು ಅಗ್ಗವಾಗಿ ಮನೆಯ ಅವಕಾಶವು ತುಟ್ಟಿಯಾದಾಗ ಚಿಕ್ಕ ಪೆಟ್ಟಿಗೆಯು ಗೆದ್ದಿತು. ಅದು ಕಹಳೆಯ ತತ್ತ್ವವು ಸೋತುದರ ಗುರುತಲ್ಲ; ಕಾಲದ ಬೆಲೆಪಟ್ಟಿಯು ಬದಲಾದುದರ ಗುರುತು.

೬

ಲೆಕ್ಕವು ಮಂದ್ರದ ಪ್ರಶ್ನೆಯನ್ನು ತೀರ್ಮಾನಿಸಿತು. ಆದರೆ ಯಾವ ಯಂತ್ರದ ನಾದವು ಮೂಲಕ್ಕೆ ಹತ್ತಿರವೆಂಬುದಕ್ಕೆ ಕೊನೆಗೂ ಕಿವಿಯ ಸಾಕ್ಷ್ಯವೇ ಬೇಕು. ಪ್ರತ್ಯಕ್ಷವು ಪ್ರಮಾಣಗಳಲ್ಲಿ ಮೊದಲನೆಯದಷ್ಟೆ. ಆದರೆ ದೋಷಯುಕ್ತವಾದ ಇಂದ್ರಿಯದಿಂದ ಹುಟ್ಟಿದ ಜ್ಞಾನವು ಹಗ್ಗದಲ್ಲಿ ಹಾವನ್ನು ತೋರುವಂತೆ ಭ್ರಮೆಯಾಗಬಹುದು. ಕಿವಿಯ ದೋಷವು ಎಲ್ಲಿಂದ ಬರುವುದೆಂಬುದನ್ನು ಕಂಡುಹಿಡಿಯಲು ಬಹಳ ವರ್ಷಗಳು ಬೇಕಾದುವು.

೧೯೧೫ರಿಂದ ಮುಂದೆ ಎಡಿಸನ್ನನ ಸಂಸ್ಥೆಯವರು ಅಮೆರಿಕದ ಊರೂರುಗಳಲ್ಲಿ ಗಾಯಕಿಯನ್ನೂ ಗ್ರಾಮೋಫೋನಿನಂತಹ ತಮ್ಮ ಯಂತ್ರವನ್ನೂ ಒಂದೇ ವೇದಿಕೆಯಲ್ಲಿರಿಸಿ, ದೀಪವನ್ನಾರಿಸಿ, ಹಾಡುತ್ತಿರುವುದು ಯಾರೆಂದು ಸಭಿಕರು ಹೇಳಲಾರರೆಂದು ಸಾರಿದರು. ಆ ಯಂತ್ರದಲ್ಲಿ ವಿದ್ಯುತ್ತಿನ ಸಹಾಯವೂ ಇರಲಿಲ್ಲ, ಮಂದ್ರವೂ ಇರಲಿಲ್ಲ, ಉಚ್ಚ ತಾರವೂ ಇರಲಿಲ್ಲ. ಆದರೂ ಅನೇಕರು ಮೋಸಹೋದರು. ಅಂತಹ ಪ್ರದರ್ಶನಗಳಲ್ಲಿ ಹಾಡಿದ್ದ ಆನಾ ಕೇಸ್ ಎಂಬ ಗಾಯಕಿಯು, ಯಂತ್ರದ ಸ್ವರಕ್ಕೆ ಹೊಂದುವಂತೆ ತನ್ನ ಕಂಠವನ್ನು ತಗ್ಗಿಸಿಕೊಂಡಿದ್ದುದನ್ನು ಬಹುಕಾಲದ ಮೇಲೆ ಒಪ್ಪಿಕೊಂಡಳು.

೧೯೫೪ರ ನವೆಂಬರಿನಲ್ಲಿ ಬ್ರಿಗ್ಸನು ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ವಾಕರನ ಸಹಾಯದೊಡನೆ ಸಜೀವ ವಾದನವನ್ನೂ ಧ್ವನಿಮುದ್ರಣವನ್ನೂ ಹೋಲಿಸಿ ತೋರಿಸಿದನು. ವಿಲ್ಚರನ ಸಂಸ್ಥೆಯು ಫೈನ್ ಆರ್ಟ್ಸ್ ಕ್ವಾರ್ಟೆಟ್ ಎಂಬ ನಾಲ್ವರು ವಾದಕರೊಡನೆ ಅನೇಕ ಸಭೆಗಳನ್ನು ಏರ್ಪಡಿಸಿತು. ವಾದಕರು ನಡುನಡುವೆ ಕಮಾನನ್ನು ತಂತಿಗೆ ಸೋಕಿಸದೆ ನುಡಿಸುವವರಂತೆ ನಟಿಸುತ್ತಿದ್ದರು, ಯಂತ್ರವು ಮುಂದುವರಿಸುತ್ತಿತ್ತು, ಸ್ಥಾನಪಲ್ಲಟವು ಎಲ್ಲಿ ಆಯಿತೆಂಬುದು ಬಹುಮಂದಿಗೆ ತಿಳಿಯುತ್ತಿರಲಿಲ್ಲ. ಇದು ಎಡಿಸನ್ನನ ಪ್ರದರ್ಶನಕ್ಕಿಂತ ಪ್ರಾಮಾಣಿಕವಾದ ಪರೀಕ್ಷೆಯೆಂಬುದರಲ್ಲಿ ಸಂದೇಹವಿಲ್ಲ. ಆದರೂ ಕಣ್ಣು ಕಿವಿಗೆ ಸುಳ್ಳು ಹೇಳಬಲ್ಲುದೆಂಬುದನ್ನು ಅದೇ ಸಾಬೀತುಮಾಡಿತಲ್ಲವೆ? ಕಮಾನು ಆಡುವುದನ್ನು ಕಂಡವರು ಪಿಟೀಲನ್ನೇ ಕೇಳಿದರು.

ಸರಿಯಾದ ಮಾರ್ಗವನ್ನು ಅದಕ್ಕೆ ಮೊದಲೇ ಓಲ್ಸನನು ತೋರಿಸಿದ್ದನು. ೧೯೪೫ರಲ್ಲಿ ಚಿನ್ ಮತ್ತು ಐಸೆನ್‌ಬರ್ಗ್ ಎಂಬುವರು ನಡೆಸಿದ ಪರೀಕ್ಷೆಯಲ್ಲಿ, ಯಂತ್ರದಿಂದ ಬರುವ ಸಂಗೀತದಲ್ಲಿ ಉಚ್ಚ ತಾರಸ್ವರಗಳನ್ನು ಕತ್ತರಿಸಿದರೇ ಶ್ರೋತೃಗಳಿಗೆ ಹೆಚ್ಚು ಪ್ರಿಯವಾಗುವುದೆಂದು ಕಂಡುಬಂದಿತ್ತು. ಜನರ ರ‍ುಚಿಯೇ ಹಾಗಿದ್ದರೆ ಒಳ್ಳೆಯ ಧ್ವನಿವರ್ಧಕವನ್ನು ಮಾಡುವ ಪ್ರಯಾಸವೇಕೆಂದು ಹಲವರು ಕೇಳಿದರು. ಓಲ್ಸನನು ೧೯೪೭ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಯಂತ್ರವನ್ನೇ ತೆಗೆದುಹಾಕಿದನು. ಸಜೀವ ವಾದ್ಯವೃಂದವನ್ನು ಶಬ್ದವನ್ನು ತಡೆಯದ ತೆರೆಯ ಹಿಂದೆ ಕುಳ್ಳಿರಿಸಿ, ೫,೦೦೦ ಕಂಪನಗಳಿಗಿಂತ ಮೇಲಣ ಸ್ವರಗಳನ್ನು ತಡೆಯುವ ತಡಿಕೆಗಳನ್ನು ನಡುವೆ ನಿಲ್ಲಿಸಿ, ಒಮ್ಮೆ ಮುಚ್ಚಿ ಒಮ್ಮೆ ತೆರೆದು ಜನರ ಅಭಿಪ್ರಾಯವನ್ನು ಕೇಳಿದನು. ಬಹುಸಂಖ್ಯಾತರು ತೆರೆದ ಪೂರ್ಣಸ್ವರವನ್ನೇ ಮೆಚ್ಚಿದರು. ದೋಷವು ಜನರ ರ‍ುಚಿಯಲ್ಲಿರಲಿಲ್ಲ. ಆ ಕಾಲದ ಯಂತ್ರಗಳು ತಾರಸ್ವರಗಳೊಡನೆ ಬೆರಸಿ ಕೊಡುತ್ತಿದ್ದ ವಿಕೃತಿಯಲ್ಲಿತ್ತು. ಒಂದು ತೆರೆಯು ಸಾವಿರ ಮಾತುಗಳ ಜಲ್ಪವನ್ನು ನಿಲ್ಲಿಸಿತು.

ಅದೇ ತೆರೆಯನ್ನು ಧ್ವನಿವರ್ಧಕಗಳ ಮುಂದೆಯೇ ಇಳಿಬಿಟ್ಟವನು ಫ್ಲಾಯ್ಡ್ ಟೂಲ್. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಲಿಯಲ್ಲಿ ಅನೇಕ ವರ್ಷ ಈ ಕೆಲಸವನ್ನು ನಡೆಸಿ, ಬಳಿಕ ಅಮೆರಿಕದ ಹಾರ್ಮನ್ ಸಂಸ್ಥೆಯನ್ನು ಸೇರಿದ ಅವನೂ ಶಾನ್ ಆಲಿವ್ ಎಂಬಾತನೂ ೧೯೯೪ರಲ್ಲಿ ಪ್ರಕಟಿಸಿದ ಪ್ರಯೋಗವು ಪ್ರಸಿದ್ಧವಾಗಿದೆ. ಅದೇ ಸಂಸ್ಥೆಯ ೪೦ ಜನ ನೌಕರರು ನಾಲ್ಕು ಧ್ವನಿವರ್ಧಕಗಳನ್ನು ಒಮ್ಮೆ ತೆರೆಯ ಮರೆಯಲ್ಲಿ, ಒಮ್ಮೆ ಕಣ್ಣಿಗೆ ಕಾಣುವಂತೆ ಕೇಳಿ ಅಂಕಗಳನ್ನು ಕೊಟ್ಟರು. ಕಣ್ಣಿಗೆ ಕಂಡಾಗ ದೊಡ್ಡ, ಬೆಲೆಬಾಳುವ ಯಂತ್ರಗಳ ಅಂಕಗಳು ಏರಿದುವು. ಚಿಕ್ಕದೂ ಅಗ್ಗವೂ ಆದುದರ ಅಂಕಗಳು ಇಳಿದುವು. ಮತ್ತೊಂದು ಸಂಗತಿಯು ಇದಕ್ಕಿಂತಲೂ ವಿಚಾರಾರ್ಹವಾದುದು. ಯಂತ್ರವನ್ನು ಕೋಣೆಯಲ್ಲಿ ಸ್ಥಳಾಂತರಿಸಿದಾಗ ನಾದವು ನಿಜವಾಗಿಯೂ ಬದಲಾಗುವುದು. ತೆರೆಯಿದ್ದಾಗ ಕೇಳುವವರು ಆ ವ್ಯತ್ಯಾಸವನ್ನು ಗ್ರಹಿಸಿದರು. ತೆರೆಯಿಲ್ಲದಾಗ ಅಷ್ಟಾಗಿ ಗ್ರಹಿಸಲಿಲ್ಲ. ಎಂದರೆ ಕಣ್ಣು ಇಲ್ಲದ ಗುಣವನ್ನು ಆರೋಪಿಸುವುದಷ್ಟೇ ಅಲ್ಲ, ಇರುವ ವ್ಯತ್ಯಾಸವನ್ನೂ ಮರೆಸಿಬಿಡುವುದು. ಅನುಭವಶಾಲಿಗಳೂ ಇದಕ್ಕೆ ಹೊರತಾಗಿರಲಿಲ್ಲ.

ಹೀಗೆಂದ ಮಾತ್ರಕ್ಕೆ ಕಿವಿಯು ನಂಬಿಕೆಗೆ ಅನರ್ಹವೆಂದು ಹೇಳುವಂತಿಲ್ಲ. ತೆರೆಯ ಮರೆಯಲ್ಲಿ ಕೇಳಿದ ನಾನಾ ಬಗೆಯ ಜನರ ಮೆಚ್ಚಿಕೆಯು ಆಶ್ಚರ್ಯಕರವಾಗಿ ಒಂದೇ ದಿಕ್ಕಿಗೆ ಹರಿಯಿತು: ಎಲ್ಲ ಸ್ವರಗಳನ್ನೂ ಸಮನಾಗಿ ನುಡಿಯುವ, ಮುಂದಕ್ಕೂ ಪಕ್ಕಗಳಿಗೂ ಒಂದೇ ಬಣ್ಣದ ನಾದವನ್ನು ಚೆಲ್ಲುವ ಯಂತ್ರವನ್ನೇ ಬಹುಮಂದಿ ಆರಿಸಿದರು. ಯಂತ್ರದ ಅಳತೆಗಳನ್ನು ಕಂಡು ಜನರ ಮೆಚ್ಚಿಕೆಯನ್ನು ಬಹುಮಟ್ಟಿಗೆ ಮುಂದಾಗಿ ಹೇಳಬಹುದೆಂದು ಆಲಿವನು ೨೦೦೪ರಲ್ಲಿ ತೋರಿಸಿದನು. ಅನುಮಾನವೂ ಪ್ರತ್ಯಕ್ಷವೂ ಒಂದಕ್ಕೊಂದು ಸಾಕ್ಷಿಯಾಗಿ ನಿಂತುವು.

೭

ವಿವಾದವು ಮುಗಿಯಿತೇ ಎಂದರೆ ಇಲ್ಲ. ನಾಲ್ಕು ಪಂಥಗಳೂ ಇಂದಿಗೂ ಜೀವಂತವಾಗಿವೆ. ಬಯಲಿನ ಸಭೆಗಳಲ್ಲಿಯೂ ಜಾತ್ರೆಗಳಲ್ಲಿಯೂ ಕಹಳೆಯು ತನ್ನ ಅಧಿಕಾರವನ್ನು ಉಳಿಸಿಕೊಂಡಿದೆ. ಅಲ್ಲಿ ಗಾತ್ರದ ಋಣವು ಭಾರವಲ್ಲ, ಶಕ್ತಿಯ ಋಣವೇ ಭಾರ. ಮನೆಗಳಲ್ಲಿ ಪೆಟ್ಟಿಗೆಗಳಿವೆ, ಪೊರೆಯ ಯಂತ್ರವನ್ನು ಪ್ರೀತಿಸುವವರೂ ಇದ್ದಾರೆ. ಬದಲಾದುದು ವಿವಾದದ ಜಾತಿ. ತನ್ನ ಯಂತ್ರವು ಋಣಮುಕ್ತವೆಂದು ಹೇಳಿಕೊಳ್ಳುವವನಿಗೆ ಲೆಕ್ಕವನ್ನು ತೋರಿಸಬಹುದು. ತನ್ನ ಕಿವಿಯು ನಿರ್ದುಷ್ಟವೆಂದು ಹೇಳಿಕೊಳ್ಳುವವನ ಮುಂದೆ ತೆರೆಯನ್ನು ಇಳಿಬಿಡಬಹುದು. ಇವೆರಡಕ್ಕೂ ಒಪ್ಪುವವರ ನಡುವೆ ನಡೆಯುವುದು ವಾದ. ಒಪ್ಪದವರ ಮಾತು ಎಷ್ಟು ಉಚ್ಚವಾಗಿದ್ದರೂ ಜಲ್ಪವೇ ಸರಿ.

ಚಿಕ್ಕ ಪೆಟ್ಟಿಗೆಯನ್ನು ಜನಪ್ರಿಯಗೊಳಿಸಿದ ವಿಲ್ಚರನ ಉತ್ತರಜೀವನವನ್ನು ಇಲ್ಲಿ ಸ್ಮರಿಸುವುದು ಉಚಿತ. ೧೯೬೭ರಲ್ಲಿ ತನ್ನ ಸಂಸ್ಥೆಯನ್ನು ಮಾರಿದ ಮೇಲೆ ಅವನು ಧ್ವನಿವರ್ಧಕಗಳನ್ನು ಬಿಟ್ಟು ಕಿವುಡರ ಶ್ರವಣಸಾಧನಗಳ ಸಂಶೋಧನೆಯಲ್ಲಿ ತೊಡಗಿದನು. ಶ್ರವಣಶಕ್ತಿಯು ಕುಂದಿದವರಿಗೆ ಮೆಲುದನಿಯು ಕೇಳಿಸದು, ಗಟ್ಟಿದನಿಯು ನೋಯಿಸುವುದು. ಎಲ್ಲವನ್ನೂ ಒಂದೇ ಸಮನಾಗಿ ಹೆಚ್ಚಿಸುವ ಸಾಧನದಿಂದ ಅವರಿಗೆ ಸುಖವಿಲ್ಲ. ಮಂದ್ರ, ತಾರಗಳನ್ನು ಬೇರ್ಪಡಿಸಿ, ಮೆಲುದನಿಯನ್ನು ಹೆಚ್ಚಾಗಿಯೂ ಗಟ್ಟಿದನಿಯನ್ನು ಕಡಿಮೆಯಾಗಿಯೂ ಬೆಳೆಸುವ ಕ್ರಮವನ್ನು ಅವನು ೧೯೭೩ರಲ್ಲಿ ಪ್ರಕಟಿಸಿದನು. ಈ ಬಾರಿ ಅವನು ಪೇಟೆಂಟಿಗೆ ಅರ್ಜಿಯನ್ನೇ ಹಾಕಲಿಲ್ಲ. ಬೇಕಾದವರು ಬಳಸಿಕೊಳ್ಳಲೆಂದು ಬಿಟ್ಟುಕೊಟ್ಟನು. ಆ ಕ್ರಮವು ಮುಂದೆ ಶ್ರವಣಸಾಧನಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದಿತು. ೨೦೧೧ರಲ್ಲಿ ಅವನು ತೀರಿಕೊಂಡನು. ಯಾವ ಪೆಟ್ಟಿಗೆಯು ಶ್ರೇಷ್ಠವೆಂದು ಚೆನ್ನಾಗಿ ಕೇಳಬಲ್ಲವರು ಕಲಹಮಾಡುತ್ತಿದ್ದ ಕಾಲದಲ್ಲಿ, ಆ ಕಲಹಕ್ಕೆ ಕಾರಣನಾದವರಲ್ಲಿ ಒಬ್ಬನು ಕೇಳಲಾರದವರ ಕಡೆಗೆ ತಿರುಗಿ ಕುಳಿತಿದ್ದನು.